ಯಂತ್ರದೊಳಗೊಂದು ಯಂತ್ರ: ನಮ್ಮ ಸೀಮೆಯ ಕೆಲವು ಕಡತಗಳ ಕಥೆ

ಯಾದಗಿರಿ, ಶಹಾಪುರ, ಸುರಪುರಗಳ ದಾಖಲೆಗಳ ಇತಿಹಾಸವನ್ನು ಬರೆಯಲು ಹೊರಟವನು ಮೊದಲು ಲಿಪಿಗಳು ಬದಲಾದ ಬಗೆಯನ್ನು ಬರೆಯಬೇಕಾಗುತ್ತದೆ. ಸುರಪುರದ ನಾಯಕರ ಸಂಸ್ಥಾನದಲ್ಲಿ 1841ರಿಂದ 1853ರವರೆಗೆ ಆಡಳಿತದ ಮೇಲ್ವಿಚಾರಣೆ ನಡೆಸಿದ ಮೆಡೋಸ್ ಟೇಲರ್ ತನ್ನ ವರದಿಗಳನ್ನು ಇಂಗ್ಲಿಷಿನಲ್ಲಿ ಬರೆದನು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ದುರಂತ ಅಂತ್ಯವಾಯಿತು. 1860ರಲ್ಲಿ ಸಂಸ್ಥಾನವು ಹೈದರಾಬಾದಿನ ನಿಜಾಮನ ವಶಕ್ಕೆ ಹೋಯಿತು. ಆ ರಾಜ್ಯದ ಕಚೇರಿಗಳಲ್ಲಿ ಮೊದಲು ಪಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದು ನಡೆಯಿತು. 1948ರ ಸೆಪ್ಟೆಂಬರ್ 17ರ ನಂತರ, ಮುಖ್ಯವಾಗಿ 1956ರ ಏಕೀಕರಣದ ನಂತರ, ಕನ್ನಡ ಬಂದಿತು. ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದ ರೈತನ ಹೊಲದ ಕಾಗದ ಅವನು ಓದಲಾಗದ ಲಿಪಿಯಲ್ಲಿತ್ತು. ಇಂದಿಗೂ ನಮ್ಮ ಕಡೆಯ ಹಳೆಯ ಮನೆಗಳ ಟ್ರಂಕುಗಳಲ್ಲಿ ಉರ್ದು ಕಾಗದಗಳು ಇವೆ. ಓದಿ ಹೇಳುವ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಾಗದವನ್ನು ಗೆದ್ದಲು ತಿನ್ನದಿದ್ದರೂ, ಓದುವವನಿಲ್ಲದಿದ್ದರೆ ಅದು ಕಳೆದುಹೋದಂತೆಯೇ ಸರಿ.

ಇಷ್ಟನ್ನು ನಾನು ತರಗತಿಯಲ್ಲಿ ಅನೇಕ ಸಲ ಹೇಳಿದ್ದೇನೆ. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕನ್ನಡದಲ್ಲಿಯೇ, ಅದೂ ಗಣಕಯಂತ್ರದಲ್ಲಿ ಬೆರಳಚ್ಚಾದ ಬರಹವೊಂದು ಇಪ್ಪತ್ತೇ ವರ್ಷಗಳಲ್ಲಿ ಅದೇ ಗತಿಯನ್ನು ಕಾಣಬಹುದೆಂಬ ಸಂಗತಿ ಮಾತ್ರ ನನ್ನ ಪಾಠದಲ್ಲಿ ಇರಲಿಲ್ಲ. ಈ ಲೇಖನ ಆ ಸಂಗತಿಯ ಇತಿಹಾಸವನ್ನು ಕುರಿತದ್ದು.

ಕಡತಗಳು

2004ರ ಸುಮಾರಿಗೆ ನನ್ನ ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಿರಿಯರನ್ನು ಕಂಡು, ಅವರ ನೆನಪುಗಳನ್ನು ಬರೆದು ತಂದರು. ರಜಾಕಾರರ ಕಾಲದಲ್ಲಿ ಊರು ಬಿಟ್ಟವರ ಮಾತುಗಳು, ಭೀಮಾ ನದಿಯ ಪ್ರವಾಹದ ಕಥೆಗಳು, ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಹಾಡುತ್ತಿದ್ದ ರಿವಾಯತಿ ಪದಗಳ ವಿವರಗಳು, ಬರಗಾಲದಲ್ಲಿ ತಿಂದ ಸೊಪ್ಪುಗಳ ಹೆಸರುಗಳು. ಒಟ್ಟು ನಲವತ್ತೊಂದು ಬರಹಗಳು. ಅವುಗಳನ್ನು ಸುರಪುರದ ಒಂದು ಬೆರಳಚ್ಚು ಕೇಂದ್ರದಲ್ಲಿ ಟೈಪು ಮಾಡಿಸಿ, ಮೊದಲು ಫ್ಲಾಪಿಗಳಲ್ಲಿ, ಆಮೇಲೆ ಒಂದು ಸಿಡಿಯಲ್ಲಿ ಇಟ್ಟೆವು. ಕೈಬರಹದ ಹಾಳೆಗಳು ಶಾಲೆಯ ಕಪಾಟಿನಲ್ಲಿ ಮಳೆನೀರು ಸೋರಿ ನಾಶವಾದವು. ಉಳಿದದ್ದು ಸಿಡಿ ಮಾತ್ರ.

ಹೋದ ವರ್ಷ, ಈಗ ಪುಣೆಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕೇಳಿದ: "ಸರ, ನಮ್ಮ ಆಯಿ ಹೇಳಿದ್ದು ನಾ ಬರೆದು ಕೊಟ್ಟಿದ್ನೆಲ್ರಿ, ಅದು ನಿಮ್ಮ ಹತ್ರ ಐತೇನ್ರಿ? ಆಯಿ ಹೋಗಿ ಹತ್ತು ವರ್ಷ ಆತು. ಆಕಿ ದನಿ ಇಲ್ಲ, ಫೋಟೋನೂ ಒಂದೇ ಐತ್ರಿ." ಇದೆ ಎಂದು ಹೇಳಿ ಸಿಡಿಯನ್ನು ತೆರೆಸಿದೆ. ಕಡತಗಳೆಲ್ಲ ತೆರೆದುಕೊಂಡವು, ಆದರೆ ಪರದೆಯ ಮೇಲೆ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ‘ಕನ್ನಡ’ ಎಂಬ ಪದವಿರಬೇಕಾದಲ್ಲಿ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಓರೆಗೀಟು ಹೊತ್ತ ‘ಎ’, ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೊಂದು ‘ಎ’, ಜರ್ಮನ್ ಭಾಷೆಯ ಒಂದು ಅಕ್ಷರ, ‘ಕ್ಯೂ’, ಕೊನೆಗೆ ಪುನಃ ಒಂದು ‘ಎ’!

ಅಕ್ಷರ ಮತ್ತು ಆಕಾರ

ಇದಕ್ಕೆ ಕಾರಣವನ್ನು ತಿಳಿಯಲು ಗಣಕದಲ್ಲಿ ಕನ್ನಡ ನಡೆದುಬಂದ ದಾರಿಯನ್ನು ಸ್ವಲ್ಪ ನೋಡಬೇಕು. ಗಣಕಕ್ಕೆ ಅಕ್ಷರ ಗೊತ್ತಿಲ್ಲ. ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಒಪ್ಪಂದವನ್ನು ಮನುಷ್ಯರು ಮಾಡಿಕೊಳ್ಳಬೇಕು. ಆರಂಭದ ಒಪ್ಪಂದಗಳೆಲ್ಲ ರೋಮನ್ ಅಕ್ಷರಗಳಿಗಾಗಿ ಆದವು. ಕನ್ನಡಕ್ಕೆ ಬೇರೆ ಸಂಖ್ಯೆಗಳಿಲ್ಲದಿದ್ದಾಗ, ನಮ್ಮವರು ರೋಮನ್ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು, ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ತಲೆಕಟ್ಟಿಗೊಂದು ಸಂಖ್ಯೆ, ಒತ್ತಿಗೊಂದು ಸಂಖ್ಯೆ, ಕೊಂಬಿಗೊಂದು ಸಂಖ್ಯೆ. ಹಳೆಯ ಮುದ್ರಣಾಲಯದ ಅಚ್ಚುಮೊಳೆಗಳ ಪೆಟ್ಟಿಗೆಯ ಕ್ರಮವೇ ಇದು. ಆ ಅಕ್ಷರಶೈಲಿ ಯಂತ್ರದಲ್ಲಿದ್ದರೆ ಕನ್ನಡ ಕಾಣುವುದು. ಇಲ್ಲದಿದ್ದರೆ ಕೆಳಗಿನ ರೋಮನ್ ಚಿಹ್ನೆಗಳು ಬಯಲಾಗುವುವು.

ಆ ಕಾಲದಲ್ಲಿ ಬೇರೆ ಸುಲಭವಾದ ದಾರಿ ಇರಲಿಲ್ಲವೆಂಬುದನ್ನು ನಾವು ಮರೆಯಬಾರದು. ಧ್ವನಿಗೆ ಅನುಸಾರವಾದ ಕೀಲಿಮಣೆಯನ್ನು ರೂಪಿಸಿದ ಕೆ. ಪಿ. ರಾವ್ ಅವರು, 1998ರಲ್ಲಿ ‘ಬರಹ’ವನ್ನು ಹೊರತಂದ ಶೇಷಾದ್ರಿವಾಸು ಅವರು, ‘ನುಡಿ’ಯನ್ನು ಕೊಟ್ಟ ಕನ್ನಡ ಗಣಕ ಪರಿಷತ್ತು: ಇವರ ಶ್ರಮವಿಲ್ಲದಿದ್ದರೆ ನಮ್ಮ ತಾಲೂಕಿನ ಕಚೇರಿಗಳಲ್ಲಿ ಗಣಕದ ಕನ್ನಡವೇ ಇರುತ್ತಿರಲಿಲ್ಲ. 2001ರಲ್ಲಿ ‘ಭೂಮಿ’ ಯೋಜನೆಯು ಕರ್ನಾಟಕದ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ಉರ್ದು ಕಾಗದ ಹಿಡಿದು ಅಲೆದ ರೈತರ ಮೊಮ್ಮಕ್ಕಳು ಮುದ್ರಿತ ಕನ್ನಡದ ಪಹಣಿಯನ್ನು ಕಿಟಕಿಯಲ್ಲಿ ಪಡೆದರು.

ಶಾಶ್ವತ ಪರಿಹಾರದ ಬೀಜವೂ ಅಷ್ಟರಲ್ಲಿ ಬಿದ್ದಿತ್ತು. 1991ರ ಅಕ್ಟೋಬರಿನಲ್ಲಿ ಬಂದ ಯೂನಿಕೋಡ್ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿದ್ದರು. ಇಲ್ಲಿ ಸಂಖ್ಯೆ ಸಲ್ಲುವುದು ಆಕಾರದ ತುಂಡಿಗಲ್ಲ, ಅಕ್ಷರಕ್ಕೆ. ಹಳೆಯ ಕ್ರಮದಲ್ಲಿ ‘ಕನ್ನಡ’ ಎಂಬುದಕ್ಕೆ ಏಳು ತುಂಡುಗಳು ಬೇಕು. ಯೂನಿಕೋಡಿನಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದೇ ಸಾಕು. ಒತ್ತಕ್ಷರವನ್ನು ಎಲ್ಲಿ, ಹೇಗೆ ಬರೆಯಬೇಕೆಂಬುದನ್ನು ಯಂತ್ರವೇ ನೋಡಿಕೊಳ್ಳುತ್ತದೆ.

ಹಾಗಾದರೆ ಹಳೆಯ ಏಳನ್ನು ಹೊಸ ಐದಕ್ಕೆ ಬದಲಿಸಿದರೆ ಆಯಿತಲ್ಲವೇ? ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವ ಮತ್ತೊಬ್ಬ ಹಳೆಯ ವಿದ್ಯಾರ್ಥಿ ಅದಕ್ಕೊಂದು ಚಿಕ್ಕ ಪರಿವರ್ತಕವನ್ನು ಬರೆದುಕೊಟ್ಟ. ಆದರೆ ಅದು ಲಿನಕ್ಸಿಗಾಗಿ ಬರೆದದ್ದು. ನಮ್ಮ ಮನೆಯಲ್ಲಿರುವುದು ಮೊಮ್ಮಗಳ ಲ್ಯಾಪ್‌ಟಾಪು. ಅದರಲ್ಲಿ ಅವಳ ಪರೀಕ್ಷೆಯ ಪಾಠಗಳಿದ್ದವು, ವಿಂಡೋಸನ್ನು ಅಳಿಸುವಂತಿಲ್ಲ. "ಅಜ್ಜಾ, ನನ್ನದು ಏನೂ ಅಳಿಸಬ್ಯಾಡ್ರಿ" ಎಂದು ಅವಳು ಮೊದಲೇ ಹೇಳಿದ್ದಳು. ವಿದ್ಯಾರ್ಥಿ ನಕ್ಕು ಹೇಳಿದ: "ಏನೂ ಅಳಿಯಂಗಿಲ್ರಿ ಸರ. ಅದರೊಳಗ ಇನ್ನೊಂದು ಕಂಪ್ಯೂಟರ್ ಮಾಡೂಣ್ರಿ."

ಮಲಗಿದ ಬುದ್ಧ

ಯಂತ್ರದೊಳಗೆ ಯಂತ್ರವನ್ನು ಮಾಡುವ ವಿದ್ಯೆ ಹೊಸದಲ್ಲ. 1964ರ ಕೊನೆಯಲ್ಲಿ ಅಮೆರಿಕದ ಮೆಸಾಚುಸೆಟ್ಸಿನ ಕೇಂಬ್ರಿಜಿನಲ್ಲಿ ಐಬಿಎಂ ಸಂಸ್ಥೆಯ ವಿಜ್ಞಾನ ಕೇಂದ್ರದವರು ‘ಸಿಪಿ-40’ ಎಂಬ ವ್ಯವಸ್ಥೆಯ ಕೆಲಸವನ್ನು ಕೈಗೆತ್ತಿಕೊಂಡರು. 1967ರ ಜನವರಿಯಲ್ಲಿ ಅದು ಬಳಕೆಗೆ ಬಂದಿತು. ಆಗ ಒಂದು ಗಣಕಕ್ಕೆ ಒಂದು ಕೋಣೆ ಬೇಕು, ಅದರ ಬೆಲೆಗೆ ಒಂದು ಊರೇ ಬಂದೀತು. ಬಳಸುವ ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೇ ಎಂದು ತೋರುವಂತೆ ಅವರು ಮಾಡಿದರು. 1972ರಲ್ಲಿ ಐಬಿಎಂ ಇದನ್ನೇ ‘ವಿಎಂ/370’ ಎಂಬ ಹೆಸರಿನಲ್ಲಿ ಗ್ರಾಹಕರಿಗೆ ಕೊಟ್ಟಿತು.

ಶಹಾಪುರದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಮ್ಮ ಬೆಟ್ಟದಲ್ಲಿ ಬುದ್ಧನು ಮಲಗಿದ್ದಾನೆ. ರಸ್ತೆಯ ಒಂದು ಜಾಗದಲ್ಲಿ ನಿಂತರೆ ಹಣೆ, ಮೂಗು, ಎದೆ, ಕಾಲು ಎಲ್ಲವೂ ಸ್ಪಷ್ಟ. ಹತ್ತಿರ ಹೋದರೆ ಬೇರೆ ಬೇರೆ ಗುಡ್ಡಗಳು ಮಾತ್ರ. ಹಾಗೆಂದು ಬುದ್ಧನು ಸುಳ್ಳಲ್ಲ. ನೋಡುವ ನೆಲೆಯಿಂದ ಆತ ಪೂರ್ಣನಾಗಿಯೇ ಇದ್ದಾನೆ. ಒಳಗಿನ ಯಂತ್ರಕ್ಕೂ ಹೀಗೆಯೇ ತನ್ನದೇ ಡಿಸ್ಕು, ತನ್ನದೇ ಸ್ಮರಣೆ, ತನ್ನದೇ ಪರದೆ ಇವೆಯೆಂದು ತೋರುತ್ತದೆ. ಹೊರಗಿನಿಂದ ನೋಡಿದರೆ ಅದರ ಡಿಸ್ಕು ಒಂದು ದೊಡ್ಡ ಕಡತ ಮಾತ್ರ. ಬೇಡವಾದರೆ ಆ ಕಡತವನ್ನು ಅಳಿಸಿದರೆ ಮುಗಿಯಿತು. ಹೊರಗಿನದನ್ನು ಅತಿಥೇಯ, ಒಳಗಿನದನ್ನು ಅತಿಥಿ ಎನ್ನುತ್ತಾರೆ.

ನಾವು ಆರಿಸಿಕೊಂಡದ್ದು ವರ್ಚುವಲ್‌ಬಾಕ್ಸ್. ಜರ್ಮನಿಯ ಇನ್ನೋಟೆಕ್ ಸಂಸ್ಥೆ ಅದನ್ನು 2007ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು. 2008ರಲ್ಲಿ ಸನ್, 2010ರಲ್ಲಿ ಒರಾಕಲ್ ಸಂಸ್ಥೆಯ ಪಾಲಾಯಿತು. ಅತಿಥಿಯಾಗಿ ಬಂದದ್ದು ಡೆಬಿಯನ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನ ತಿರುಳು ಮತ್ತು 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯ ಸಲಕರಣೆಗಳನ್ನು ಒಟ್ಟುಗೂಡಿಸಿ, 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ವ್ಯವಸ್ಥೆ ಇದು.

ಒಂದೊಂದೇ ತೊಡಕು

ಮೊದಲ ತೊಡಕು ಅನುಸ್ಥಾಪನೆ ಆರಂಭವಾಗುವ ಮೊದಲೇ ಬಂದಿತು. ನಮ್ಮ ಬೀದಿಯ ಅಂತರ್ಜಾಲ ಆಗಾಗ ಕಡಿದುಹೋಗುವುದು. ಇಳಿಸಿಕೊಂಡ ಕಡತ ಪೂರ್ಣವೋ ಅಲ್ಲವೋ ಎಂಬ ಅನುಮಾನ. ಇದಕ್ಕೆ ಡೆಬಿಯನ್ನಿನವರು ಪ್ರತಿಯೊಂದು ಕಡತದ ಜೊತೆಗೆ 64 ಚಿಹ್ನೆಗಳ ಒಂದು ಮುದ್ರೆಯನ್ನು ಪ್ರಕಟಿಸುತ್ತಾರೆ. ನಮ್ಮ ಕಡತದ ಮುದ್ರೆಯನ್ನು ಲೆಕ್ಕ ಹಾಕಿಸಿ ಅದರೊಡನೆ ಹೋಲಿಸಬೇಕು. ಒಂದು ಬಿಂದು ವ್ಯತ್ಯಾಸವಾದರೂ ಮುದ್ರೆ ಪೂರ್ತಿ ಬದಲಾಗುತ್ತದೆ. ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಯ ಲಕೋಟೆಯ ಅರಗು ಒಡೆದಿಲ್ಲವೆಂದು ನೋಡಿ ಸಹಿ ಮಾಡುತ್ತಿದ್ದೆವಲ್ಲ, ಅದೇ ಕ್ರಮ. ಮೊದಲನೆಯ ಸಲ ಮುದ್ರೆ ಹೊಂದಲಿಲ್ಲ. ಎರಡನೆಯ ಸಲ ಇಳಿಸಿಕೊಂಡದ್ದು ಹೊಂದಿತು.

ಎರಡನೆಯದು: ಅತಿಥಿಯಂತ್ರವನ್ನು ಚಾಲೂ ಮಾಡಿದೊಡನೆ, ಸಂಸ್ಕಾರಕದ ‘ವಿಟಿ-ಎಕ್ಸ್’ ಎಂಬ ಸೌಲಭ್ಯ ಮುಚ್ಚಿದೆಯೆಂಬ ಸೂಚನೆ ಬಂದು ಎಲ್ಲವೂ ನಿಂತಿತು. ಈ ಸೌಲಭ್ಯದ ಹಿಂದೆ ದೊಡ್ಡ ಇತಿಹಾಸವಿದೆ. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು ವಿದ್ವಾಂಸರು ಒಂದು ನಿಯಮವನ್ನು ಹೇಳಿದರು: ಯಂತ್ರದ ಸ್ಥಿತಿಯನ್ನೇ ಬದಲಿಸುವಂಥ ಸೂಕ್ಷ್ಮ ಆದೇಶವನ್ನು ಅತಿಥಿ ಕೊಟ್ಟಾಗ, ಅದು ಮೇಲ್ವಿಚಾರಕನ ಕೈಗೆ ಸಿಕ್ಕಿಬೀಳಬೇಕು. ಮನೆಗಳಿಗೆ ಬಂದ ಇಂಟೆಲ್ ಸಂಸ್ಕಾರಕಗಳು ಈ ನಿಯಮಕ್ಕೆ ಹೊಂದುತ್ತಿರಲಿಲ್ಲ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಪೆಂಟಿಯಂನಲ್ಲಿ ಹೀಗೆ ನುಣುಚಿಕೊಳ್ಳುವ 17 ಆದೇಶಗಳನ್ನು ಗುರುತಿಸಿತು. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಸಂಸ್ಥೆ, ಅಂತಹ ಆದೇಶಗಳನ್ನು ನಡೆಯುವಾಗಲೇ ತರ್ಜುಮೆ ಮಾಡುವ ಜಾಣ್ಮೆಯಿಂದ ಈ ಕೊರತೆಯನ್ನು ದಾಟಿತು. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಸಂಸ್ಕಾರಕದಲ್ಲಿಯೇ ಅದಕ್ಕೆ ಏರ್ಪಾಡು ಮಾಡಿದವು. 2019ರಲ್ಲಿ ಬಂದ ವರ್ಚುವಲ್‌ಬಾಕ್ಸ್ 6.1 ಹಳೆಯ ತರ್ಜುಮೆಯ ದಾರಿಯನ್ನು ಕೈಬಿಟ್ಟಿತು. ಆದುದರಿಂದ ಈ ಸೌಲಭ್ಯ ತೆರೆದಿರಲೇಬೇಕು. ಆದರೆ ಹಲವು ಲ್ಯಾಪ್‌ಟಾಪುಗಳು ಅದನ್ನು ಮುಚ್ಚಿಕೊಂಡೇ ಅಂಗಡಿಗೆ ಬರುತ್ತವೆ. ಯಂತ್ರ ಏಳುವಾಗಲೇ ಬಯಾಸ್ ಎಂಬ ಮೂಲ ವ್ಯವಸ್ಥೆಯನ್ನು ಹೊಕ್ಕು, ಆ ಸಾಲನ್ನು ಹುಡುಕಿ, ತೆರೆದು, ಉಳಿಸಿ ಹೊರಬಂದೆವು.

ಮೂರನೆಯದು ಆಮೆ. ಅತಿಥಿಯಂತ್ರವೇನೋ ಎದ್ದಿತು, ಆದರೆ ಬಹಳ ನಿಧಾನ. ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಒಂದು ಹಸಿರು ಆಮೆಯ ಚಿತ್ರ ಕಾಣಿಸಿತು. ಅದು ಅಲಂಕಾರವಲ್ಲ, ಸೂಚನೆ. ವಿಂಡೋಸಿನ ಒಂದು ರಕ್ಷಣಾ ವ್ಯವಸ್ಥೆಯೂ ಅದೇ ವಿಟಿ-ಎಕ್ಸನ್ನು ಬಳಸುತ್ತದೆ. ಅದು ಮೊದಲೇ ಆ ಜಾಗವನ್ನು ಹಿಡಿದಿದ್ದರೆ, ವರ್ಚುವಲ್‌ಬಾಕ್ಸ್ ಅದರ ಮೂಲಕವೇ ಕೆಲಸ ಮಾಡಬೇಕಾಗಿ ನಿಧಾನವಾಗುತ್ತದೆ. ಆ ರಕ್ಷಣೆಯನ್ನು ಮುಚ್ಚಿದರೆ ವೇಗ ಹೆಚ್ಚುತ್ತದೆಂದು ವಿದ್ಯಾರ್ಥಿ ಹೇಳಿದ. ಮೊಮ್ಮಗಳ ಯಂತ್ರದ ಕಾವಲನ್ನು ನನ್ನ ಕೆಲಸಕ್ಕಾಗಿ ತೆಗೆಯುವುದು ನ್ಯಾಯವೆನಿಸಲಿಲ್ಲ. ಆಮೆಯೊಡನೆಯೇ ನಡೆಯಲು ನಿಶ್ಚಯಿಸಿದೆವು. ಲ್ಯಾಪ್‌ಟಾಪಿನಲ್ಲಿದ್ದುದು 8 ಜಿಬಿ ಸ್ಮರಣೆ. ಅದರಲ್ಲಿ 2 ಜಿಬಿ ಮಾತ್ರ ಅತಿಥಿಗೆ ಕೊಟ್ಟು, ಭಾರವಾದ ಮುಖಪರದೆಯ ಬದಲು ‘ಎಕ್ಸ್‌ಎಫ್‌ಸಿಇ’ ಎಂಬ ಹಗುರವಾದುದನ್ನು ಹಾಕಿದೆವು. ಅತಿಥಿಗೆ ಬಡಿಸುವ ಭರದಲ್ಲಿ ಮನೆಯವರ ಅನ್ನವನ್ನೆಲ್ಲ ಕೊಟ್ಟರೆ ಇಬ್ಬರೂ ಉಪವಾಸ ಬೀಳುತ್ತಾರೆ. ಅರ್ಧಕ್ಕಿಂತ ಹೆಚ್ಚು ಕೊಡಬಾರದೆಂಬುದು ಇಲ್ಲಿನ ಸಾಮಾನ್ಯ ನಿಯಮ.

ನಾಲ್ಕನೆಯದು ಚಿಕ್ಕದು. ಅನುಸ್ಥಾಪನೆ ಮುಗಿದು ಯಂತ್ರ ಮತ್ತೆ ಎದ್ದಾಗ, ಪುನಃ ಮೊದಲಿನಿಂದ ಅನುಸ್ಥಾಪನೆಯ ಪುಟವೇ ಬಂದಿತು. ಹೊಸಬರು ಇಲ್ಲಿ ಗಾಬರಿಯಾಗಿ ಮತ್ತೊಮ್ಮೆ ಎಲ್ಲವನ್ನೂ ಮಾಡುವುದುಂಟು. ಕಾರಣವಿಷ್ಟೇ: ಕಲ್ಪಿತ ಸಿಡಿ ಕಲ್ಪಿತ ಗೂಡಿನಲ್ಲಿಯೇ ಉಳಿದಿರುತ್ತದೆ. ಅದನ್ನು ಹೊರತೆಗೆದರೆ ಯಂತ್ರವು ಡಿಸ್ಕಿನಿಂದ ಏಳುತ್ತದೆ.

ಐದನೆಯದು: ಪರದೆ ಅಂಗೈಯಗಲ ಕಾಣುತ್ತಿತ್ತು; ಹೊರಗಿನ ಕಡತಗಳನ್ನು ಒಳಗೆ ತರಲೂ ಆಗುತ್ತಿರಲಿಲ್ಲ. ಅತಿಥಿಗೂ ಅತಿಥೇಯನಿಗೂ ಮಾತುಕತೆ ಬೆಸೆಯಲು ‘ಗೆಸ್ಟ್ ಅಡಿಷನ್ಸ್’ ಎಂಬ ಪೂರಕವನ್ನು ಅತಿಥಿಯೊಳಗೆ ಹಾಕಬೇಕು. ಅದು ಲಿನಕ್ಸಿನ ತಿರುಳಿಗೆ ಹೊಂದುವಂತೆ ಅಲ್ಲಿಯೇ ತಯಾರಾಗಬೇಕಾದ್ದರಿಂದ, ಜಿಸಿಸಿ, ಮೇಕ್ ಮತ್ತು ಅದೇ ತಿರುಳಿನ ಹೆಡರ್ ಕಡತಗಳು ಮೊದಲೇ ಇರಬೇಕು. ಇವನ್ನು ತರಿಸಿ ಹಾಕಿದ ಮೇಲೆ ಪರದೆ ಅಗಲವಾಯಿತು. ಹಂಚಿದ ಕಡತಕೋಶ ಕಂಡರೂ ‘ಅನುಮತಿ ಇಲ್ಲ’ ಎಂದಿತು. ನಮ್ಮ ಬಳಕೆದಾರನನ್ನು ‘ವಿಬಾಕ್ಸ್‌ಎಸ್‌ಎಫ್’ ಎಂಬ ಗುಂಪಿಗೆ ಸೇರಿಸಿ, ಒಮ್ಮೆ ಹೊರಬಂದು ಮತ್ತೆ ಒಳಹೊಕ್ಕ ಮೇಲೆ ಬಾಗಿಲು ತೆರೆಯಿತು. ಆಗ ಆ ಸ್ಥಿತಿಯನ್ನು ‘ಸ್ನ್ಯಾಪ್‌ಶಾಟ್’ ಮಾಡಿ ಇಟ್ಟೆವು. ಮುಂದೆ ಏನು ಕೆಟ್ಟರೂ ಈ ಗಳಿಗೆಗೆ ಮರಳಬಹುದು. ಬದುಕಿನಲ್ಲಿಲ್ಲದ ಸೌಕರ್ಯವಿದು!

ಆರನೆಯದೇ ನಮಗೆ ಮುಖ್ಯವಾದದ್ದು. ಅತಿಥಿಯಂತ್ರದಲ್ಲಿ ಕನ್ನಡದ ಜಾಗದಲ್ಲೆಲ್ಲ ಖಾಲಿ ಚೌಕಗಳು. ಅಂದರೆ ಸಂಖ್ಯೆ ಸರಿಯಿದೆ, ಅಕ್ಷರಶೈಲಿ ಇಲ್ಲ ಎಂದರ್ಥ. ಡೆಬಿಯನ್ನಿನಲ್ಲಿ ಕನ್ನಡದ ಅಕ್ಷರಶೈಲಿಗಳ ಕಟ್ಟೊಂದಿದೆ: ಲೋಹಿತ್, ಗುಬ್ಬಿ, ನವಿಲು. ಅದನ್ನು ಹಾಕಿದೊಡನೆ ಚೌಕಗಳು ಕರಗಿ ಕನ್ನಡ ಮೂಡಿತು. ಒತ್ತುಗಳನ್ನು ಸರಿಯಾದ ಸ್ಥಾನದಲ್ಲಿ ಕೂರಿಸುವ ಕೆಲಸ ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶದ್ದು. ಬರೆಯಲು ಐಬಸ್ ಎಂಬ ವ್ಯವಸ್ಥೆಯಲ್ಲಿ ಗಣಕ ಪರಿಷತ್ತಿನ ಕೀಲಿಮಣೆಯೇ ಸಿಕ್ಕಿತು. ನನ್ನ ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಲಿಲ್ಲ. ನಮ್ಮ ನುಡಿಗಾಗಿ ಇಷ್ಟನ್ನು ಮಾಡಿಟ್ಟವರಲ್ಲಿ ಹಲವರು ಸಂಬಳವಿಲ್ಲದೆ ದುಡಿದವರು. ಅವರಿಗೆ ನಮಸ್ಕಾರ.

ಪರಿವರ್ತಕ ಮತ್ತು ಕಣ್ಣು

ಪರಿವರ್ತಕವನ್ನು ಓಡಿಸಿದಾಗ ನಲವತ್ತೊಂದು ಕಡತಗಳೂ ನಿಮಿಷದೊಳಗೆ ಕನ್ನಡವಾದವು. ಆದರೆ ‘ಧರ್ಮ’, ‘ವರ್ಷ’, ‘ಊರ್ಮಿ’ಗಳೆಲ್ಲ ಕೆಟ್ಟಿದ್ದವು. ಹಳೆಯ ಕ್ರಮದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು ಬರಬೇಕು. ವಿದ್ಯಾರ್ಥಿ ಅದನ್ನು ತಿದ್ದಿದ. ಬರಹದ ನಡುವೆ ಇದ್ದ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಕಲಸುಮೇಲೋಗರವಾಗಿದ್ದವು. ಅವುಗಳನ್ನು ಗುರುತಿಸಲು ಆ ಪರಿವರ್ತಕಕ್ಕೆ ಸಾಧ್ಯವಾಗಲಿಲ್ಲ. ಎರಡು ತಿಂಗಳು ಕುಳಿತು ನಾನೇ ಓದಿ ತಿದ್ದಿದೆ.

ಆ ಅಜ್ಜಿಯ ಬರಹ ಹದಿನೇಳನೆಯದಾಗಿತ್ತು. 1948ರ ಒಂದು ರಾತ್ರಿ ಜೋಳದ ಹೊಲದಲ್ಲಿ ಅಡಗಿದ್ದಾಗ, ಕೂಸು ಅಳದಂತೆ ಬಾಯಿಗೆ ಬೆಲ್ಲದ ತುಣುಕಿಟ್ಟು ಹಿಡಿದುಕೊಂಡದ್ದು. ಬೆಳಗಿನ ಜಾವ ನೆರೆಯ ಮುಸಲ್ಮಾನ ಮನೆಯಾಕೆ ಬಂದು ಹುಡುಕಿ, ಮನೆಗೆ ಕರೆದೊಯ್ದು ರೊಟ್ಟಿ ಕೊಟ್ಟದ್ದು. ಇಬ್ಬರೂ ಆಮೇಲೆ ಅಕ್ಕತಂಗಿಯರಂತೆ ಇದ್ದದ್ದು. ಎರಡೇ ಪುಟ. ದೊಡ್ಡ ಗ್ರಂಥಗಳಲ್ಲಿ ಆ ಕಾಲದ ಹೋರಾಟಗಳೂ ಸೇನೆಯ ಚಲನೆಗಳೂ ಇವೆ; ಬೆಲ್ಲದ ತುಣುಕು ಇಲ್ಲ. ಅಂದು ಬಾಯಲ್ಲಿ ಬೆಲ್ಲವಿದ್ದ ಆ ಕೂಸು, ಪುಣೆಯಿಂದ ಕೇಳಿದವನ ತಂದೆ. ಬರಹವನ್ನು ಕಳಿಸಿದೆ. ಮೂರು ದಿನ ಉತ್ತರ ಬರಲಿಲ್ಲ. ಆಮೇಲೆ ಅವನು ದೂರವಾಣಿಯಲ್ಲಿ, "ಅಪ್ಪಗ ಓದಿ ಹೇಳಿದೆರಿ ಸರ" ಎಂದಷ್ಟೇ ಹೇಳಿದ.

ಓದುಗರಲ್ಲಿ ಒಂದು ಮಾತು

ಶಾಸನಗಳನ್ನು ಕೆತ್ತಿದವರು ಕಲ್ಲು ಉಳಿದರೆ ಬರಹ ಉಳಿಯಿತೆಂದು ನಂಬಿದರು. ಆದರೆ ಹಳಗನ್ನಡದ ಲಿಪಿಯನ್ನು ಬಿಡಿಸಬಲ್ಲವರ ಪರಂಪರೆ ಇದ್ದುದರಿಂದಲೇ ಶಿರವಾಳದ ಕಲ್ಲುಗಳು ಇಂದಿಗೂ ಮಾತನಾಡುತ್ತಿವೆ. ಗಣಕದ ಬರಹಕ್ಕೂ ಎರಡು ಸಂಗತಿಗಳು ಬೇಕು: ಉಳಿಯುವ ಪ್ರತಿ, ಮತ್ತು ಎಲ್ಲರಿಗೂ ತಿಳಿದ ಕೀಲಿ. ಕೀಲಿ ಒಬ್ಬರ ಕೈಯಲ್ಲಿದ್ದರೆ ಅವರೊಡನೆ ಅದೂ ಹೋಗುತ್ತದೆ. ಯೂನಿಕೋಡಾಗಲಿ, ಲಿನಕ್ಸಾಗಲಿ ನನ್ನಂಥ ಇತಿಹಾಸದ ಮೇಷ್ಟರಿಗೆ ಮುಖ್ಯವಾಗುವುದು ಈ ಕಾರಣಕ್ಕೆ: ಅವುಗಳ ಕೀಲಿ ಬಹಿರಂಗವಾಗಿದೆ.

ನಿಮ್ಮ ಮನೆಯಲ್ಲಿಯೂ 1990ರಿಂದ 2010ರ ನಡುವಣ ಸಿಡಿಗಳು, ಫ್ಲಾಪಿಗಳು ಇರಬಹುದು. ಮದುವೆಯ ಕರೆಯೋಲೆ, ತಂದೆಯ ಕವಿತೆ, ಊರ ಜಾತ್ರೆಯ ಲೆಕ್ಕ, ಏನೇ ಇರಲಿ, ಎಸೆಯಬೇಡಿ. ಅಕ್ಷರ ಕಾಣದಿದ್ದರೆ ಕಡತ ಕೆಟ್ಟಿದೆಯೆಂದು ತಿಳಿಯಬೇಡಿ. ಪಿ, ಎ, ಪೌಂಡಿನ ಚಿಹ್ನೆಗಳ ಕೆಳಗೆ ಕನ್ನಡ ಕುಳಿತಿರಬಹುದು. ಸಿಡಿಗಳ ಆಯುಸ್ಸು ದೊಡ್ಡದಲ್ಲ. ಈ ಬೇಸಗೆಯ ರಜೆಯಲ್ಲಿಯೇ ಪ್ರತಿ ಮಾಡಿಕೊಳ್ಳಿ. ಅಂದಿನ ನಲವತ್ತೊಂದು ಬರಹಗಳಲ್ಲಿ ನಿಮ್ಮದೂ ಒಂದಿದ್ದರೆ ತಿಳಿಸಿ, ಕಳಿಸಿಕೊಡುತ್ತೇನೆ. ಆಮೆ ಇನ್ನೂ ಕೆಲಸದಲ್ಲಿದೆ.